ನೋಟಿಸ್ ಬಂದೈತೆ ವಕೀಲ್ರೇ

ಕೊಲೆ ಕೇಸು ನಡೆಸುವ ವಕೀಲರಿಗೆ ಕಥೆಗಳಿರುತ್ತವೆ, ನಿಮಗೇನಿದೆ ಎಂದು ನನ್ನ ಹೆಂಡತಿಯ ತಮ್ಮ ಆಗಾಗ ಕೇಳುತ್ತಾನೆ. ನನ್ನದು ವ್ಯಾಪಾರಿಗಳ ಜಗಳ, ಇಲಾಖೆಗಳ ನೋಟಿಸು. ಇವತ್ತು ಚನ್ನಗಿರಿಯಾದರೆ ನಾಳೆ ಜಗಳೂರು. ಬಸ್ಸಿನ ಕಿಟಕಿಗೆ ತಲೆ ಕೊಟ್ಟು ತೂಕಡಿಸುವುದರಲ್ಲೇ ಅರ್ಧ ವಕೀಲಿಕೆ ಮುಗಿದಿದೆ. ಇವತ್ತಾದರೂ ಬರೀ ಕಾನೂನಿನ ಮಾತಿರಲಿ ಎಂದುಕೊಂಡೇ ಮನೆ ಬಿಡುತ್ತೇನೆ. ಹಾಗೆ ಆಗುವುದೇ ಇಲ್ಲ.

ಬಿಸಿ ಮಂಡಕ್ಕಿ

ಜಗಳೂರಿನಲ್ಲಿ ಮಂಡಕ್ಕಿ ಭಟ್ಟಿ ಇಟ್ಟಿದ್ದವರೊಬ್ಬರಿಗೆ ಹೊಗೆಯ ವಿಚಾರಕ್ಕೆ ನೋಟಿಸು ಬಂತು. ಚಿಮಣಿ ಎತ್ತರಿಸುವವರೆಗೆ ಭಟ್ಟಿ ಹಚ್ಚಕೂಡದು. "ನೋಟಿಸು ತಲುಪಿದಂದಿನಿಂದ ಭಟ್ಟಿ ಹಚ್ಚಿಲ್ಲ, ದಯವಿಟ್ಟು ಕಾಲಾವಕಾಶ ಕೊಡಿ" ಎಂದು ಅವರು ಹೇಳಿದಂತೆಯೇ ಉತ್ತರ ಬರೆದುಕೊಟ್ಟೆ.

ತಪಾಸಣೆಯ ದಿನ ನಾನೂ ಹೋಗಿದ್ದೆ. ಭಟ್ಟಿಯ ಬಾಯಿಗೆ ತಗಡು ಮುಚ್ಚಿತ್ತು, ಹೊಗೆಯ ಸುಳಿವಿರಲಿಲ್ಲ. ಅಧಿಕಾರಿ ತಲೆಯಾಡಿಸಿ, "ಆಯ್ತು, ಅವಕಾಶ ಕೊಡೋಣ" ಎಂದರು. ಕಕ್ಷಿದಾರರು ಸಂತೋಷ ತಡೆಯಲಾರದೆ ಒಳಗಿನಿಂದ ಬುಟ್ಟಿ ತುಂಬ ಮಂಡಕ್ಕಿ ತಂದರು.

"ತಗಳ್ರಿ ಸಾರ್, ತಿಂದು ನೋಡ್ರಿ."

ಅಧಿಕಾರಿ ಕೈ ಹಾಕಿದವರು ಥಟ್ಟನೆ ಹಿಂದಕ್ಕೆಳೆದುಕೊಂಡರು.

"ಬಿಸಿ ಐತೆ ಸಾರ್, ಮೆಲ್ಲಗೆ! ನೀವು ಬರ್ತೀರಿ ಅಂತ ಈಗಷ್ಟೇ ಹುರಿಸಿದ್ದು."

ಕೆಡುವ ದಿನ

ತ್ಯಾವಣಿಗೆ ಕಡೆಯ ಒಬ್ಬ ತಾಯಿ ಉಪ್ಪಿನಕಾಯಿ ಮಾಡಿ ಚನ್ನಗಿರಿಯ ಅಂಗಡಿಗಳಿಗೆ ಹಾಕುತ್ತಿದ್ದರು. ಬಾಟಲಿಯ ಮೇಲೆ ಎಂದಿನವರೆಗೆ ಬಳಸಬಹುದೆಂದು ನಮೂದಿಸಿಲ್ಲವೆಂದು ಅವರಿಗೂ ನೋಟಿಸು.

"ನಮ್ಮ ಉಪ್ಪಿನಕಾಯಿ ಕೆಡಾದೇ ಇಲ್ಲ. ಕೆಡೋ ದಿನ ನಾ ಎಲ್ಲಿಂದ ತರ್ಲಿ?"

"ಏನಾದರೂ ಒಂದು ಬರೆಯಲೇಬೇಕು ತಾಯಿ" ಎಂದೆ. ಬಸ್ಸಿನ ಅವಸರದಲ್ಲಿ ಬಿಡಿಸಿ ಹೇಳಲಿಲ್ಲ. ವಿಚಾರಣೆಗೆ ಅವರು ಹೊಸ ಚೀಟಿ ಅಂಟಿಸಿದ ಬಾಟಲಿ ತಂದರು. ಅಧಿಕಾರಿ ಗಟ್ಟಿಯಾಗಿ ಓದಿದರು: "ಕೆಡುವ ದಿನ: ನೀವು ಒದ್ದೆ ಚಮಚ ಹಾಕಿದ ದಿನ."

ಓದಿ, ತಲೆಯೆತ್ತಿ, ಇದನ್ನು ಬರೆಯಲು ಹೇಳಿದ್ದು ಯಾರು ಎಂದು ಕೇಳಿದರು. ಆ ತಾಯಿ ನನ್ನ ಕಡೆ ಕೈ ತೋರಿಸಿದರು.

ಧರ್ಮಾತ್ಮನ ತಕ್ಕಡಿ

ನ್ಯಾಮತಿಯ ಒಬ್ಬ ಕಿರಾಣಿ ಅಂಗಡಿಯವರ ತಕ್ಕಡಿ ತಪ್ಪು ತೋರಿಸುತ್ತದೆಂದು ತೂಕದ ಇಲಾಖೆಯವರು ಹಿಡಿದರು. ನೋಡಿದರೆ ಅದು ತಪ್ಪುತ್ತಿದ್ದದ್ದು ಗಿರಾಕಿಯ ಕಡೆಗೆ. ಕಿಲೋ ಎಂದು ತೋರಿಸಿದರೆ ಒಂದು ಹಿಡಿ ಹೆಚ್ಚೇ ಹೋಗುತ್ತಿತ್ತು. ಕಕ್ಷಿದಾರರು ಸಕ್ಕರೆ ಮೂಟೆಯ ಮೇಲೆ ಕುಸಿದು ಕೂತರು.

"ಊರೆಲ್ಲ ನನ್ನ ಧರ್ಮಾತ್ಮ ಅಂತಿದ್ರು ವಕೀಲ್ರೇ. ಯಾಕೆ ಅಂತ ಈಗ ಗೊತ್ತಾತು."

ಕಾನೂನಿಗೆ ಎತ್ತ ತಪ್ಪಿದರೂ ತಪ್ಪೇ. ದಂಡ ಕಟ್ಟಿ, ತಕ್ಕಡಿ ಸರಿಮಾಡಿಸಿ, ಮುದ್ರೆ ಹಾಕಿಸಿದೆವು. ಕೆಲವು ದಿನಕ್ಕೇ ಮತ್ತೆ ನೋಟಿಸು. ಈ ಸಲ ಗೋವಿನಕೋವಿಯ ಗಿರಾಕಿಯೊಬ್ಬರು ತೂಕ ಕಡಿಮೆ ಎಂದು ದೂರು ಕೊಟ್ಟಿದ್ದರು. ಅವರ ಎದುರಿಗೇ ಅಧಿಕಾರಿ ತೂಕದ ಬಟ್ಟುಗಳನ್ನಿಟ್ಟು ಪರೀಕ್ಷೆ ಮಾಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆ ಗಿರಾಕಿ ಒಪ್ಪಬೇಕಲ್ಲ!

"ಮೊದಲು ಇಲ್ಲಿ ಬೆಲ್ಲ ತಗಂಡ್ರೆ ಮನ್ಯಾಗೆ ಡಬ್ಬಿ ತುಂಬ್ತಿತ್ತು ಸಾರ್, ಈಗ ತುಂಬ್ತಿಲ್ಲ. ಸರಿಯಾಗಿದ್ದ ತಕ್ಕಡೀನ ನಿಮ್ಮೋರೇ ಬಂದು ಕೆಡಿಸಿ, ಮ್ಯಾಲೆ ಮುದ್ರೆ ಬ್ಯಾರೆ ಒತ್ತಿ ಹೋಗ್ಯಾರೆ!"

ಎರಡು ಬೀಗ

ಸಾಸ್ವೆಹಳ್ಳಿ ಕಡೆ ಇಬ್ಬರು ಗೆಳೆಯರು ಪಾಲುದಾರಿಕೆಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದರು. ಹಳೇ ಯಂತ್ರ ರಿಪೇರಿ ಮಾಡಿಸುವುದೋ ಹೊಸದು ತರುವುದೋ ಎಂಬಲ್ಲಿ ಮಾತು ಬೆಳೆಯಿತು. ಒಬ್ಬರು ಗಿರಣಿಗೆ ಬೀಗ ಜಡಿದರು. ಅದರ ಪಕ್ಕದಲ್ಲೇ ಇನ್ನೊಬ್ಬರು ತಮ್ಮದೂ ಒಂದು ಜಡಿದರು. ದುಡಿಯುತ್ತಿದ್ದ ಆಳುಗಳು ಚದುರಿದರು. ಜಗಳ ಕೋರ್ಟಿಗೆ ಬಂತು, ಒಬ್ಬರಿಗೆ ನಾನು ವಕೀಲನಾದೆ, ವರ್ಷಗಟ್ಟಲೆ ವಾಯಿದೆ ನಡೆಯಿತು. ಕೊನೆಗೆ ಒಳಗಿನ ಯಂತ್ರಗಳ ಸ್ಥಿತಿ ನೋಡಿ ವರದಿ ಕೊಡಲು ನ್ಯಾಯಾಲಯ ಒಬ್ಬ ಯುವ ವಕೀಲರನ್ನು ಕಮಿಷನರ್ ಆಗಿ ನೇಮಿಸಿತು.

ಹೊನ್ನಾಳಿಯಿಂದ ಎಲ್ಲರೂ ಹೋದೆವು. ನನ್ನ ಕಕ್ಷಿದಾರರ ಬೀಗ ತೆರೆಯಿತು. ಎದುರಿನವರದು ತುಕ್ಕು ಹಿಡಿದು ಕೀಲಿಕೈ ಒಳಗೇ ಮುರಿಯಿತು. ಒಡೆಯಬೇಕು. ಆದರೆ ಯಾರು? ಎದುರಿನ ಹಿರಿಯ ವಕೀಲರು ಆಕ್ಷೇಪವೆತ್ತಿದರು. ನಾನು ಆಕ್ಷೇಪಕ್ಕೆ ಆಕ್ಷೇಪವೆತ್ತಿದೆ. ಕಮಿಷನರ್ ಪಾಪ ಎರಡನ್ನೂ ಬರೆದುಕೊಳ್ಳುತ್ತಿದ್ದರು. ಬಿಸಿಲಿಗೆ ನನ್ನ ಕರೀ ಕೋಟು ಕಾದ ಹೆಂಚಿನಂತಾಗಿತ್ತು.

ಅಷ್ಟರಲ್ಲಿ ಹಿಂದಿನಿಂದ ಮಾತು ಕೇಳಿಸಿತು.

"ನೀ ಬೀಗ ಹಿಡ್ಕ, ನಾ ಹೊಡೀತೀನಿ."

"ಕೈಗೆ ಹೊಡೆದೀಯಲೇ, ನೋಡ್ಕಂಡು ಹೊಡಿ."

ಠಣ್ ಎಂದು ಸದ್ದಾಯಿತು. ತಿರುಗುವಷ್ಟರಲ್ಲಿ ಪಾಲುದಾರರಿಬ್ಬರೂ ಒಳಗೆ ಹೋಗಿಯಾಗಿತ್ತು. ಬೀಗ ಒಡೆದದ್ದು ಯಾರೆಂದು ಬರೆದುಕೊಳ್ಳಲಿ ಎಂದು ಕಮಿಷನರ್ ಕೇಳಿದರು. "ಎದುರು ಪಕ್ಷದವರು" ಎಂದು ನಾವಿಬ್ಬರೂ ವಕೀಲರು ಒಟ್ಟಿಗೇ ಹೇಳಿದೆವು.

"ಇಬ್ರೂ ಸೇರಿ ಒಡೆದ್ವಿ ಅಂತ ಬರ್ಕಳ್ರಿ!" ಒಳಗಿನಿಂದ ಕೂಗು ಬಂತು.

ಹೋಗಿ ನೋಡಿದರೆ ಇಬ್ಬರೂ ಪಂಚೆ ಎತ್ತಿ ಕಟ್ಟಿ, ಯಂತ್ರದ ಮೇಲಿನ ಜೇಡರ ಬಲೆ ಜಾಡಿಸುತ್ತಿದ್ದರು. ಒಬ್ಬರು ಯಂತ್ರದ ಬೆಲ್ಟು ಸವರಿ ನೋಡುತ್ತಿದ್ದರು, ಇನ್ನೊಬ್ಬರು ಚಕ್ರ ತಿರುಗಿಸುತ್ತಿದ್ದರು. ಚಕ್ರ ಕಿರ್ರೆಂದು ತಿರುಗಿತು. ಇಬ್ಬರ ಕಣ್ಣಲ್ಲೂ ನೀರು. ದೂಳಿಗಿರಬಹುದು.

"ಯಾಕಲೇ, ಇಷ್ಟು ವರ್ಷ ಎದುರಿಗೆ ಸಿಕ್ಕರೂ ಒಂದು ಮಾತು ಆಡಲಿಲ್ಲ ನೀನು?" ಎಂದರು ನನ್ನ ಕಕ್ಷಿದಾರರು.

"ಮಾತಾಡಾಕೆ ಹೋಗಬ್ಯಾಡ್ರಿ, ಕೇಸ್ ಕೆಡ್ತೈತೆ ಅಂತ ನಮ್ಮ ವಕೀಲ್ರು ಅಂದಿದ್ರಪ್ಪ."

"ಹೌದಾ? ನಮ್ಮೋರೂ ಹಂಗೇ ಅಂದಿದ್ರಲ್ಲಲೇ!"

ಇಬ್ಬರೂ ನಿಧಾನವಾಗಿ ನಮ್ಮ ಕಡೆ ತಿರುಗಿದರು. ಒಬ್ಬರ ಕೈಯಲ್ಲಿ ಸುತ್ತಿಗೆ ಇನ್ನೂ ಇತ್ತು.

ಎದುರಿನ ಹಿರಿಯ ವಕೀಲರು ನನ್ನ ತೋಳು ಹಿಡಿದು ಮೆಲ್ಲಗೆ ಬಾಗಿಲ ಕಡೆ ಎಳೆದರು.

"ನಡೀರಿ, ನಡೀರಿ. ಈ ಒಂದು ವಿಷಯದಾಗೆ ನಮ್ಮಿಬ್ಬರದೂ ಯಾವ ಆಕ್ಷೇಪಣೆಯೂ ಇಲ್ಲ."