ಉದ್ದವಾಗಿದೆ, ಚಿಕ್ಕದಾಗಿಲ್ಲ

“ಸರ್, ಒಂದೊಂದು ತಪ್ಪಿಗೂ ಎಚ್ಚರಿಕೆ ಎರಡು ಸಲ ಬಂದಿದೆ, ಅಷ್ಟೇ!”

“ಎರಡು ಸಲ ಬಂತು ಅಂದ್ರೆ ತಪ್ಪು ಅಷ್ಟು ದೊಡ್ಡದು ಕಣಮ್ಮ.”

ಹೀಗಂದವರು ತಂಡದ ಮುಖ್ಯಸ್ಥರು. ಬೆನ್ನ ಹಿಂದೆ ಎಲ್ಲರೂ ಅವರನ್ನು ನಿಯಮಪ್ಪ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು; ಬಿರುದೆಂದೇ ತಿಳಿದಿದ್ದರು. ಬರೆದ ಕೋಡ್, ಅದರೊಳಗಿನ ಫಂಕ್ಷನ್ ಎಂಬ ತುಂಡುಗಳು ಓರಣವಾಗಿವೆಯೇ ಎಂದು ತಪಾಸಿಸಿ ಎಚ್ಚರಿಕೆ ಕೊಡುವ ತಂತ್ರಾಂಶವಾದ ಲಿಂಟರ್‌ಗೆ ಹುಡುಕಿ ಹುಡುಕಿ ನಿಯಮ ತುಂಬಿಸಿದ್ದು ಅವರೇ. ಇಪ್ಪತ್ತಕ್ಕಿಂತ ಹೆಚ್ಚು ಎಚ್ಚರಿಕೆ ಬಂದವರಿಗೆ ರಜೆಯಿಲ್ಲ ಎಂಬ ಬೋರ್ಡನ್ನು ಕಾಫಿ ಯಂತ್ರದ ಮೇಲೆ ಅಂಟಿಸಿದ್ದೂ ಅವರೇ. ಎದುರಿಗೆ ನಿಂತಿದ್ದ ಪ್ರೋಗ್ರಾಮರ್ ಹುಡುಗಿಗೆ ಬಂದದ್ದು ಇಪ್ಪತ್ತನಾಲ್ಕು. ಅವಳ ಅಕ್ಕನಿಗೆ ಹೆರಿಗೆಯಾಗಿತ್ತು. ರೈಲು ಐದು ಗಂಟೆಗೆ.

“ನೀವೇ ನೋಡಿ ಸರ್. ಒಂದು ನಿಯಮ ‘ಫಂಕ್ಷನ್ ಉದ್ದವಾಗಿದೆ’ ಅನ್ನುತ್ತೆ. ಇನ್ನೊಂದು ‘ಫಂಕ್ಷನ್ ಚಿಕ್ಕದಾಗಿಲ್ಲ’ ಅನ್ನುತ್ತೆ. ಎರಡೂ ಒಂದೇ ಅಲ್ವಾ?”

“ಹೇಗೆ ಒಂದೇ? ಒಂದು ಗದರೋದು, ಇನ್ನೊಂದು ಬುದ್ಧಿ ಹೇಳೋದು.”

“ಒಂದನ್ನ ಆಫ್ ಮಾಡಿ ಸರ್. ಹನ್ನೆರಡಕ್ಕೆ ಇಳಿಯುತ್ತೆ.”

“ಯಾವುದನ್ನ ಮಾಡ್ಲಿ? ಎರಡನ್ನೂ ಸಾಕಿ ಬೆಳೆಸಿದ್ದೀನಿ!”

“ಎಲ್ಲಾ ಬಿಡಿಸಿ ಬರೆಯೋಕೆ ಎರಡು ದಿನ ಬೇಕು. ಪಾಪು ನೋಡೋದು ಯಾವಾಗ?”

“ನಿನ್ನೆ ಹುಟ್ಟಿದ ಪಾಪು ಎಲ್ಲಿಗೂ ಓಡಿಹೋಗಲ್ಲಮ್ಮ.”

ಹುಡುಗಿ ಬೋರ್ಡಿನತ್ತ ನೋಡಿದಳು.

“ಅದು ಎಲ್ಲರಿಗೂ ತಾನೇ ಸರ್?”

“ಎಲ್ಲರಿಗೂ! ನಾಳೆ ನಾನೂ ರಜೆ ಹೋಗ್ತಿದ್ದೀನಿ. ಬೇಕಾದ್ರೆ ನನ್ನ ಕೋಡನ್ನೂ ಹಾಕಿ ನೋಡು. ಸೊನ್ನೆ ಬರುತ್ತೆ.”

ಹಾಕಿದಳು. ಮೂವತ್ತೆಂಟು ಬಂತು.

ನಿಯಮಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಆಗಲೂ ಮೂವತ್ತೆಂಟೇ.

“ಇದೇನು ಅನ್ಯಾಯ! ಒಂದೊಂದು ತಪ್ಪನ್ನ ಎರಡೆರಡು ಸಲ ಎಣಿಸಿಬಿಟ್ಟಿದೆ!”

“ಎರಡು ಸಲ ಬಂದ್ರೆ ತಪ್ಪು ದೊಡ್ಡದು ಅಂದ್ರಲ್ಲ?”

“ಅದು... ಹೊಸಬರ ವಿಷಯದಲ್ಲಿ.”

ಮೂವತ್ತೆಂಟರಲ್ಲಿ ಅರ್ಧ ಹತ್ತೊಂಬತ್ತು, ಬಚಾವು. ಮನಸ್ಸಿನಲ್ಲೇ ಲೆಕ್ಕ ಹಾಕಿದ ನಿಯಮಪ್ಪ, ಬುದ್ಧಿ ಹೇಳುವ ನಿಯಮದ ಕತ್ತು ತಾವೇ ಹಿಸುಕಿದರು.

“ಈಗ ನೋಡು.”

“ನಂದು ಹನ್ನೆರಡು ಸರ್!”

“ನಂದು?”

“ಮೂವತ್ತೇಳು. ಎರಡು ಸಲ ಬಂದಿದ್ದು ಒಂದೇ ಒಂದು ಸರ್. ಮಿಕ್ಕಿದ್ದೆಲ್ಲಾ ಬೇರೆ ಬೇರೆ ತಪ್ಪು.”

ನಿಯಮಪ್ಪ ಕಾಫಿ ಯಂತ್ರದ ಬಳಿ ಹೋಗಿ ಬೋರ್ಡಿನ ಮೂಲೆಯನ್ನು ಉಗುರಿನಿಂದ ಕೆರೆದು ನೋಡಿದರು. ಒಳ್ಳೆಯ ಅಂಟು, ಅವರೇ ಆರಿಸಿ ತರಿಸಿದ್ದು.

ಹುಡುಗಿ ಬ್ಯಾಗು ಹೆಗಲಿಗೇರಿಸಿದಳು.

“ಬರ್ತೀನಿ ಸರ್. ಪಾಪು ಫೋಟೊ ಆಫೀಸಿಗೇ ಕಳಿಸ್ತೀನಿ. ನೀವು ಹೇಗೂ ಇಲ್ಲೇ ಇರ್ತೀರಲ್ಲ.”