‘ಲಾ’ ಎಂದು ನಿಂತದ್ದೇ ತಪ್ಪಾಯಿತು

ತಮ್ಮನ ಮಗಳಿಗೆ ಹೆಸರಿಡುವುದು ಸೋದರತ್ತೆಯಾದ ನನ್ನ ಹಕ್ಕು. ನಿಪ್ಪಾಣಿಯಿಂದ ಐಗಳಿಯ ತವರಿಗೆ ಹೊರಟಾಗ ನನ್ನ ಬ್ಯಾಗಿನಲ್ಲಿ ಕುಂಚಿಗೆ ಇತ್ತು, ಬೆಳ್ಳಿಯ ಕಡಗ ಇತ್ತು. ತಲೆಯಲ್ಲಿ ಲೋಜ್ಬಾನ್ ಇತ್ತು!

ಲೋಜ್ಬಾನ್ ಎಂದರೆ ತರ್ಕಕ್ಕೆ ತಪ್ಪದಂತೆ ಕೆಲವರು ಕೂತು ಕಟ್ಟಿದ ಭಾಷೆ. ಯಾವ ರಾಜ್ಯದ್ದೂ ಅಲ್ಲ, ಗಡಿ ತಂಟೆಯಿಲ್ಲ. ಮೊಬೈಲಿನಲ್ಲಿ ಅದನ್ನು ಕಲಿಯತೊಡಗಿದಾಗಿನಿಂದ ನಾನು ಬೆರಗಾಗಿಯೇ ಇದ್ದೆ. ಒಲೆಯ ಮೇಲಿನ ಹಾಲು ಎಷ್ಟು ಸಲ ಉಕ್ಕಿದರೂ ಬೆರಗು ಇಳಿದಿರಲಿಲ್ಲ.

ತವರಿನಲ್ಲಿ ಯುದ್ಧ ನಡೆದಿತ್ತು. ಅವ್ವನಿಗೆ ತನ್ನ ತಾಯಿಯ ಹೆಸರು ‘ಗಂಗವ್ವ’ ಬೇಕು. ಸಾಂಗಲಿಯ ಬೀಗತಿಗೆ ಅವರ ತಾಯಿಯ ಹೆಸರು ‘ವಿಮಲಾ’ ಬೇಕು. ಇಬ್ಬರೂ ಮಾತು ಬಿಟ್ಟಿದ್ದರು. ತಮ್ಮ ನನ್ನ ಕೈ ಹಿಡಿದು, “ಅಕ್ಕಾ, ಹೆಂಗರ ಮಾಡಿ ಇವರಿಬ್ಬರ್ನೂ ಒಂದು ಮಾಡು. ಇಲ್ಲಂದ್ರ ನನ್ನ ಸಂಸಾರ ಕೆಡತೈತಿ,” ಎಂದ.

“ಚಿಂತಿ ಬಿಡು, ಲೋಜ್ಬಾನ್ ಐತಿ!” ಎಂದೆ.

ಬೀಗತಿಯರನ್ನು ಪಡಸಾಲೆಯಲ್ಲಿ ಕೂರಿಸಿ ಪಾಠ ಆರಂಭಿಸಿದೆ. “ಹೆಸರು ವ್ಯಂಜನದಿಂದ ಮುಗೀಬೇಕು. ಸ್ವರದಿಂದ ಮುಗಿದ್ರ ಕೊನಿಗೆ ‘ಸ್’ ಇಲ್ಲಾ ‘ನ್’ ಹಚ್ಚಬೇಕು. ಒಂದ ವ್ಯಂಜನ ಬೆನ್ನಿಗೆ ಬೆನ್ನು ಹಚ್ಚಿ ಎರಡು ಸಲ ಬರಂಗಿಲ್ಲ. ಗಂಗವ್ವ ‘ಗಂಗವಸ್’ ಆಗ್ತಾಳ.”

“ನಮ್ಮವ್ವನ ಒಂದು ‘ವ್’ ಎಲ್ಲಿ ಕಳದಿ?” ಎಂದು ಅವ್ವ ಕೆರಳಿದಳು.

ಬೀಗತಿ ನಕ್ಕರು. ಆ ನಗು ಬಹಳ ಹೊತ್ತು ಉಳಿಯಲಿಲ್ಲ.

“ಹೆಸರು ಹೇಳೂದಕ್ಕಿಂತ ಮೊದಲ ‘ಲಾ’ ಅನ್ನಬೇಕು, ಇಂಥಾ ಹೆಸರಿನವರು ಅಂತ ಗೊತ್ತಾಗಾಕ. ಅದಕ್ಕ ಹೆಸರಿನ ಒಳಗ ‘ಲಾ’ ಬರಬಾರದು ಅಂತ ಹಳೇ ನಿಯಮ. ವಿಮಲಾ ನಡಿಯಂಗಿಲ್ರಿ.”

“ಆ ನಿಯಮ ಈಗ ಸಡಿಲ ಮಾಡ್ಯಾರ ಅಂತ ನೀನ ಹೇಳಿದ್ದೆಲ್ಲ?” ಎಂದರು ನನ್ನ ಜೊತೆ ಬಂದಿದ್ದ ನಮ್ಮ ಯಜಮಾನರು.

“ನಾ ಹಳೇ ಪದ್ಧತಿಯಾಕಿ!” ಎಂದೆ ಗಂಭೀರವಾಗಿ.

“ಅರೇ ದೇವಾ! ನಮ್ಮ ಆಯಿ ಏನ್ ತಪ್ಪು ಮಾಡಿದ್ಳು?” ಎಂದು ಬೀಗತಿ ಕಣ್ಣೊರೆಸಿಕೊಂಡರು.

ಕೊನೆಗೆ ಕನ್ನಡಕ್ಕೂ ಮರಾಠಿಗೂ ಸಲ್ಲುವ ‘ಮೀರಾ’ ಎಂಬ ಹೆಸರಿಗೆ ಇಬ್ಬರನ್ನೂ ಹೇಗೋ ಒಪ್ಪಿಸಿದೆ. ಲೋಜ್ಬಾನಿನಲ್ಲಿ ‘ಮಿರಾನ್’. ಒಪ್ಪಿದರೇ ಹೊರತು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮರುದಿನ ತೊಟ್ಟಿಲ ಬಳಿ ನಿಂತೆ. ನನಗೆ ಎಲ್ಲಕ್ಕಿಂತ ಪ್ರಿಯವಾದ ನಿಯಮ ಉಳಿದಿತ್ತು: ಹೆಸರಿನ ಹಿಂದೂ ಮುಂದೂ ತುಸು ಮೌನವಿರಬೇಕು. ಹಿರಿಯರು ಬಂದರೆ ನಾವು ಎದ್ದು ದಾರಿ ಬಿಡುವುದಿಲ್ಲವೇ, ಹಾಗೆ ಉಳಿದ ಮಾತೆಲ್ಲ ಸರಿದು ಹೆಸರಿಗೆ ಜಾಗ ಬಿಡುತ್ತದೆ. ನೆನೆದರೇ ಮೈ ಜುಮ್ಮೆನ್ನುತ್ತದೆ!

ಆದರೆ ನಮ್ಮ ಕಡೆ ಇನ್ನೊಂದು ನಿಯಮವಿದೆ. ಅತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳಿದೊಡನೆ ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ.

ಬಗ್ಗಿ “ಲಾ” ಎಂದೆ. ಮೌನಕ್ಕೆ ನಿಂತೆ. ಮಗು ಕಣ್ಣು ಬಿಟ್ಟು ನನ್ನನ್ನೇ ನೋಡಿತು. ಇಷ್ಟು ದೊಡ್ಡ ಲೋಕಕ್ಕೆ ಬಂದವಳು, ಇನ್ನೂ ಹೆಸರಿಲ್ಲ. ನನ್ನ ಮುಂದಿನ ಉಸಿರಿಗೆ ಇವಳಿಗೊಂದು ಹೆಸರು! ನನಗೆ ಎದೆ ತುಂಬಿ ಬಂತು. ಮೌನ ತುಸು ಉದ್ದವಾಯಿತು.

ಧಡ್!

ಉಸಿರು ಹೋಯಿತು. ಹೆಸರೂ ಹೋಯಿತು.

“ಏನಂದ್ಲ?” “ಲಾ ಅಂದ್ಲು!” “ಲಾ! ಲಾ!” ಎಂದು ಹೆಂಗಸರೆಲ್ಲ ತೊಟ್ಟಿಲು ತೂಗಿಯೇಬಿಟ್ಟರು.

“ಅದು ಹೆಸರಲ್ಲ! ನಾನಿನ್ನೂ ಹೆಸರೇ ಹೇಳಿಲ್ಲ. ಇನ್ನೊಮ್ಮೆ...” ಎಂದು ಏದುಸಿರು ಬಿಟ್ಟೆ.

ಅವ್ವ ನಿಧಾನ ತಿರುಗಿದಳು. “ಬೀಗರ, ಇನ್ನೊಮ್ಮೆ ಅಂತಾಳ್ರಿ ಈಕಿ.”

ಬೀಗತಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. “ಹೌದ್ರಿ? ನೀವು ಆ ಕಡೆ ನಿಂದರ್ರಿ, ನಾ ಈ ಕಡೆ ನಿಂದರತೇನಿ.”

ಎರಡು ಗುದ್ದೂ ಒಟ್ಟಿಗೇ ಬಿದ್ದವು. ನಕ್ಕು ನಕ್ಕು ಅವರಿಬ್ಬರೂ ಒಬ್ಬರ ಹೆಗಲಿಗೊಬ್ಬರು ಆತುಕೊಂಡರು.

ಹೆಸರೊಳಗೆ ಬರಬಾರದೆಂದು ನಾನು ಹಟ ಹಿಡಿದ ‘ಲಾ’ ಈಗ ಪೂರ್ತಿ ಹೆಸರಾಗಿ ಮನೆ ತುಂಬ ತೆವಳಾಡುತ್ತಿದೆ. ಬೀಗತಿಯರು ದಿನವೂ ಫೋನಿನಲ್ಲಿ ಮಾತಾಡುತ್ತಾರೆ, ಹೆಚ್ಚಾಗಿ ನನ್ನ ಬಗ್ಗೆಯೇ. ತಮ್ಮ ಕೇಳಿದಂತೆ ಇಬ್ಬರನ್ನೂ ಒಂದು ಮಾಡಿದ್ದೇನೆ. ಬೆನ್ನಿಗೆ ಮಾತ್ರ ಯಜಮಾನರು ಇನ್ನೂ ಎಣ್ಣೆ ತಿಕ್ಕುತ್ತಿದ್ದಾರೆ!