ಒಡಪಿನ್ಯಾಗ ಸಿಕ್ಕ ಉತಾರ

ಸರಕಾರ ಮನಿ ಬಾಗಲಿಗಿ ಬರತೈತಿ ಅನ್ನೂ ಸುದ್ದಿ ಬೆಲ್ಲದ ಬಾಗೇವಾಡಿಯ ತಾಯವ್ವನ ಕಿವಿಗಿ ಬಿದ್ದದ್ದು ಹಿಟ್ಟಿನ ಗಿರಣಿಯಾಗ. ಸತ್ತವರ ಹೆಸರಿನ್ಯಾಗ ಉಳದ ಹೊಲಾ ಎಲ್ಲಾ ಊರ ಲೆಕ್ಕಿಗ ತಲಾಟಿ ಮೊಬೈಲ್ ತಂದು, ಕಟ್ಟಿ ಮ್ಯಾಲ ಕುಂತು, ವಾರಸದಾರರ ಹೆಸರಿಗಿ ಮಾಡತಾರಂತ ಅಂತ ಗಿರಣಿಯವ ಹೇಳಿದ. ತಾಯವ್ವ ಹಿಟ್ಟಿನ ಡಬ್ಬಿ ತಲಿ ಮ್ಯಾಲ ಇಟಗೊಂಡು ಅಲ್ಲೇ ಸಾರಿದಳು:

"ನೋಡಕೋತ ಇರ್ರಿ. ಹುಕ್ಕೇರಿ ಕಚೇರಿ ಹೊಸ್ತಲಾ ತುಳೀಲಾರದ ಉತಾರಿನ್ಯಾಗ ನನ್ನ ಹೆಸರ ಏರಸತೇನಿ."

ಉತಾರ ಅಂದ್ರ ಪಹಣಿ, ಹೊಲದ ಜಾತಕ. ಗಂಡ ಮಣ್ಣಾಗಿ ಹೋದರೂ ಅದರಾಗ ಇನ್ನೂ ಅವನೇ ಮಾಲಕ. ತಾಯವ್ವನ ಹೆಸರ ಏರೂತನಕಾ ಬಾಂವಿ ಮೋಟರಿಗಿ ಕರೆಂಟ ಇಲ್ಲ ಅಂತ ಕರೆಂಟಿನವರು ಅಂದಿದ್ರು. ಎಳೇ ಕಬ್ಬು ಬಾಡಕೋತ ನಿಂತಿತ್ತು.

ತಲಾಟಿ ಭಕ್ತಿ ಬಂದಳು. ಜೈನರ ಹುಡುಗಿ, ಮಾತು ಬಾಳ ಮೆತ್ತಗ. ಹೆಬ್ಬಟ್ಟು ಹೊಂದಿತು, ಮಾರಿ ಫೋಟೋ ಹೊಂದಿತು. ಕಡೀಕ ಉಳದದ್ದು ಒಂದ ಕೆಲಸ. ತೀರಿದ ಗಂಡನ ಹೆಸರು ಬಾಯಿಲೆ ಹೇಳಬೇಕು, ಮೊಬೈಲ್ ದನಿ ಹಿಡಕೋತೈತಿ.

ತಾಯವ್ವ ಬಾಯಿ ಮ್ಯಾಲ ಸೆರಗ ಹಿಡದಳು. ಲಗ್ನಾಗಿ ಈ ಮನಿ ಹೊಕ್ಕ ದಿನದಿಂದ ಆ ಹೆಸರು ಬರೇ ಬಾಯಿಲೆ ಬಂದದ್ದಿಲ್ಲ. ಕಾಗದದಾಗ ಬರದೈತಲ್ಲ ಅಂದಳು. ಕಾಗದದ್ದು ನಡ್ಯಾಂಗಿಲ್ಲ ಅಂದಳು ಭಕ್ತಿ. ಹಂಗಾರ ಒಡಪಿನ್ಯಾಗ ಹೇಳತೇನಿ ಅಂತ ತಾಯವ್ವ ಸೆರಗು ಸರಿ ಮಾಡಕೊಂಡಳು. ಲಗ್ನದ ಮನ್ಯಾಗ ಹೆಂಗಸರು ಪದಾ ಕಟ್ಟಿ ತುದಿಗಿ ಗಂಡನ ಹೆಸರ ಪೋಣಸ್ತಾರಲ್ಲ, ಅದು. ಆ ವಿದ್ಯಾದಾಗ ಆಕೀನ್ನ ಮೀರಸಾವ್ರು ಘಟಪ್ರಭಾ ಹೊಳಿ ಎರಡೂ ದಂಡ್ಯಾಗ ಇದ್ದಿದ್ದಿಲ್ಲ.

"ಬೆಳ್ಳಿ ಬಟ್ಟಲದಾಗ ಬೆಣ್ಣಿ ಬೆಲ್ಲ ಕಲಸಿ, ಬಾಳಿ ಎಲಿ ಮ್ಯಾಲ ಹೂರಣದ ಹೋಳಿಗಿ ಬಡಸಿ, ತುಪ್ಪದ ಮಿಳ್ಳಿ ಕೈಯಾಗ ಹಿಡದು..."

ಮೊಬೈಲ್ ಟಿಣ್ ಅಂತು. ಅದಕ್ಕ ಕೊಟ್ಟ ವ್ಯಾಳ್ಯಾ ಮುಗದಿತ್ತು.

"ಆಯಿ, ಹೋಳಿಗಿ ಬಂದೈತ್ರಿ, ಗಂಡ ಬಂದಿಲ್ಲ," ಅಂದಳು ಭಕ್ತಿ.

ಎರಡನೇದ್ರಾಗ ತಾಯವ್ವ ಮಲ್ಲಿಗಿ ದಂಡಿ ಕಟ್ಟೂದರಾಗ ಟಿಣ್. ಅದರ ಮುಂದಿನದರಾಗ ಸವದತ್ತಿ ಗುಡ್ಡಾ ಏರೂದರಾಗ ಟಿಣ್. ಓಣಿ ಹೆಂಗಸರು ರೊಟ್ಟಿ ಬಡಿಯೂದು ಬಿಟ್ಟು ಬಂದ್ರು. ಭಕ್ತಿಗಿ ಚಾ ಬಂತು, ಚೂಡಾ ಬಂತು. ಬಾಜೂ ಮನಿ ಮಾಯವ್ವ ಮಾತ್ರ ಸೈರಣಿ ಕಳಕೊಂಡಳು. ಸಣ್ಣದು ಹೇಳಬೇಕವ್ವಾ, ಹಿಂಗ, ಅಂತ ಮೊಬೈಲಿಗೇ ಬಾಗಿ ತನ್ನ ಗಂಡನ ಹೆಸರಿಟ್ಟು ಕಲಿಸಿ ತೋರಿಸಿದಳು:

"ಹಿಡಕಲ್ ನೀರಿಗಿ ಕಬ್ಬಿನ ಸೊಗಸ, ಮಾಲಿಂಗಪ್ಪನ ಮ್ಯಾಗ ನನ್ನ ಮನಸ."

ಹೆಂಗಸರೆಲ್ಲಾ ಹೋ ಅಂತ ನಕ್ಕರು. ಆ ನಗಿಯಾಗ ಮೊಬೈಲ್ ಈ ಸಲ ಬ್ಯಾರೆ ದನಿ ಮಾಡಿದ್ದು ಯಾರಿಗೂ ಕೇಳಸಲಿಲ್ಲ. ಭಕ್ತಿ ಚಾದ ಕಪ್ಪು ಇಟ್ಟು ನೋಡೂದ್ರೊಳಗ "ಸಲ್ಲಿಕೆ ಯಶಸ್ವಿ" ಅಂತ ಬಂದಿತ್ತು. ಆಯಿ ಕಡೀಕೂ ಹೇಳಿ ಮುಗಿಸಿದ್ರು ಅಂತ ತಿಳದು ಆ ಹುಡುಗಿ ಕೈ ಮುಗದು ಹೋತು.

ಸರಕಾರದ ಕೆಲಸ ಮೊದಲ ಸಾವಕಾಶ ಆಗತಿತ್ತು. ತಪ್ಪಾಗಾಕ ವರ್ಷಗಟ್ಟಲೆ ಹಿಡೀತಿತ್ತು. ಈಗ ವಾರದಾಗ ಹೊಸಾ ಉತಾರ ಬಂತು: ತಾಯವ್ವ, ಗಂಡ ದಿವಂಗತ ಮಾಲಿಂಗಪ್ಪ.

ದಿವಂಗತರು ಆಗ ಕಟ್ಟಿ ಮ್ಯಾಲ ಕುಂತು ತಂಬಾಕ ತಿಕ್ಕಾಕತ್ತಿದ್ರು. ಕನ್ನಡಕಾ ಏರಿಸಿ ಎಲ್ಲಾರ ಎದುರು ಓದಿದ್ರು.

"ತಂಗೀ ತಾಯವ್ವಾ, ನಿನ್ನ ಜೋಡಿ ನನ್ನ ಲಗ್ನ ಆದದ್ದು ಇರಲಿ. ನನ್ನ ಕೊಂದದ್ದು ಯಾವಾಗ?"

ಮಾಯವ್ವಗ ನಗಿ ಬರಲಿಲ್ಲ. ಅವತ್ತಿಂದ ಆ ಮನಿಯಿಂದ ಮಜ್ಜಿಗಿ ಬರೂದು ನಿಂತಿತು. ಮೋಟರಿನ ಕರೆಂಟಿನವರು, ನೀವು ಯಾರ ಹೆಂಡತಿ ಅಂತ ಮೊದಲ ಠರಾವ್ ಮಾಡಕೊಂಡ ಬರ್ರಿ ಅಂದ್ರು. ಭಕ್ತಿಗಿ ಕಣ್ಣಾಗ ನೀರ. ಇದನ್ನ ತನ್ನ ಮೊಬೈಲಿನ್ಯಾಗ ತಿದ್ದಾಕ ಬರಾಂಗಿಲ್ಲ, ತಾಲೂಕ ಕಚೇರಿಗೇ ಹೋಗಿ ಅಲ್ಲೂ ಹೆಸರ ಬಾಯಿಲೆ ಹೇಳಬೇಕು ಅಂದಳು.

ತಾಯವ್ವ ಹುಕ್ಕೇರಿ ಬಸ್ ಹತ್ತಿದಳು. ದಾರೀಲೆ ಹೆಸರನ್ನ ಮನಸಿನ್ಯಾಗ ಹೊಳ್ಳಿಸಿ ಹೊಳ್ಳಿಸಿ ನೋಡಿದಳು. ತುಟಿತನಕಾ ತಂದು ಹಿಂದಕ ನುಂಗಿದಳು. ಖಿಡಕಿ ಮುಂದ ಪಾಳಿ ಬಂತು. ಒಳಗ ಕಾರಕೂನ ಗಣಕಯಂತ್ರ ನೋಡಕೋತ ಹೇಳ್ರಿ ಅಂದ. ಆಕಿ ತಲಿ ತುಂಬ ಸೆರಗ ಹೊತ್ತು, ಕಣ್ಣ ಮುಚ್ಚಿ, ಬೆಣ್ಣಿ ಇಲ್ಲ, ಬೆಲ್ಲ ಇಲ್ಲ, ಬರೇ ಹೆಸರ ಹೇಳಿದಳು:

"ಉದ್ದಪ್ಪ."

ತಾಯವ್ವ ಕಣ್ಣ ತಗದಳು. ಕಾರಕೂನ ತಲಿ ಎತ್ತಿದ.

"ಚಲೋ ಹೇಳಿದ್ರಿ ಆಯಿ. ಇನ್ನೊಮ್ಮಿ ಹೇಳ್ರಿ, ನಾ ಬಟನ್ ಒತ್ತಿದ್ದಿಲ್ಲ."